ಸಹಜ ದನಿಯ ರಿಸೀವರ್: ವ್ಯಾಟ್ ನೋಡಬೇಕೋ, ಕೋಣೆ ನೋಡಬೇಕೋ?

ಪ್ರಶ್ನೆ: ನಮ್ಮದು ವಿಜಯಪುರ. ಹಾಲ್ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಆರ್‌ಸಿಸಿ ಛಾವಣಿ, ನೆಲಕ್ಕೆ ಟೈಲ್ಸ್. 55 ಇಂಚಿನ ಟಿವಿ, ಅದಕ್ಕೆ ಎದುರಾಗಿ ಗೋಡೆಗೆ ಹಚ್ಚಿ ಸೋಫಾ. ಸದ್ಯ ಸೌಂಡ್‌ಬಾರ್ ಇದೆ, ಆದರೆ ಅದರಲ್ಲಿ ಹಾಡುವವರ ದನಿ ಮೂಗಿನಿಂದ ಬಂದ ಹಾಗೆ ಕೇಳಿಸುತ್ತದೆ. ರಾತ್ರಿ ಹಿಂದೂಸ್ತಾನಿ ಗಾಯನ, ವಚನ ಗಾಯನ ಕೇಳುತ್ತೇವೆ, ರವಿವಾರ ಸಿನಿಮಾ. 87 ಡೆಸಿಬೆಲ್, 6 ಓಮ್ ಎಂದು ಬರೆದಿರುವ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ತಮ್ಮ ಕೊಟ್ಟಿದ್ದಾನೆ. ಟಿವಿಯ ದನಿಯನ್ನು ಬಲಗೊಳಿಸಿ ಸ್ಪೀಕರ್‌ಗಳಿಗೆ ಹಂಚುವ ರಿಸೀವರ್‌ಗೆ 60 ಸಾವಿರದವರೆಗೆ ಹಾಕಬಲ್ಲೆ. ಅಂಗಡಿಯಲ್ಲಿ ಬೇರೆಯೇ ಒಂದು ಸೆಟ್ ತೋರಿಸಿ, "ಇದು ಸಾವಿರ ವ್ಯಾಟ್ ಐತ್ರಿ, ಅದಕ್ಕ ಸೌಂಡ್ ನ್ಯಾಚುರಲ್ ಬರ್ತದ" ಅಂದರು. ಖರೆನಾ? ಯಾವುದು ತಗೊಳ್ಳಲಿ? ಮನೆಯ ಇನ್ವರ್ಟರ್ ಮೇಲೆ ನಡೆಸಬಹುದೇ?

ಉತ್ತರ: ಖರೆ ಅಲ್ಲ. ವ್ಯಾಟ್ ಎಂಬುದು ಎಷ್ಟು ಜೋರಾಗಿ ನುಡಿಸಬಹುದು ಎಂಬುದರ ಲೆಕ್ಕ. ದನಿ ಸಹಜವಾಗಿ ಕೇಳಿಸುವುದಕ್ಕೂ ಅದಕ್ಕೂ ಇರುವ ಸಂಬಂಧ ಒಂದೇ: ಬೇಕಾದಷ್ಟು ಇಲ್ಲದಿದ್ದರೆ ದನಿ ಹರಿದುಹೋಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಏನೂ ಆಗುವುದಿಲ್ಲ. ಒಳ್ಳೆಯ ಕಂಪನಿಯ ಎರಡು ರಿಸೀವರ್‌ಗಳನ್ನು ಅವುಗಳ ಮಿತಿಯೊಳಗೆ, ಒಂದೇ ಮಟ್ಟದ ಶಬ್ದಕ್ಕೆ ಹೊಂದಿಸಿ, ಎಲ್ಲ ಅಲಂಕಾರ ಬಂದ್ ಮಾಡಿ, ಒಂದೇ ಸ್ಪೀಕರ್‌ಗೆ ಜೋಡಿಸಿದರೆ ಕಣ್ಣು ಮುಚ್ಚಿ ಕೂತವರಿಗೆ ಯಾವುದು ಯಾವುದೆಂದು ಹೇಳುವುದು ಬಹಳ ಕಷ್ಟ. ನಿಮಗೆ ಕೇಳಿಸುವ ದನಿಯನ್ನು ತಿದ್ದುವುದು ಅಥವಾ ಕೆಡಿಸುವುದು ಮೊದಲು ಸ್ಪೀಕರ್, ಆಮೇಲೆ ಕೋಣೆ ಮತ್ತು ಸ್ಪೀಕರ್ ಇಟ್ಟ ಜಾಗ, ಆಮೇಲೆ ರಿಸೀವರ್‌ನೊಳಗಿನ ಸೆಟ್ಟಿಂಗ್. ರಿಸೀವರ್‌ನ ಆಂಪ್ಲಿಫೈಯರ್ ಬರುವುದು ಕೊನೆಗೆ. ಯಾಮಹಾದವರು ತಮ್ಮ ಡಬ್ಬಿಯ ಮೇಲೆ 'ನ್ಯಾಚುರಲ್ ಸೌಂಡ್' ಎಂದು ಅಚ್ಚು ಹಾಕುತ್ತಾರೆ. ಅದು ಅವರ ಘೋಷವಾಕ್ಯ, ಅಳತೆಯಲ್ಲ.

ಹಾಗಾದರೆ ರಿಸೀವರ್ ಯಾವುದಾದರೂ ನಡೆಯುತ್ತದೆಯೇ? ಇಲ್ಲ. ಆದರೆ ನೋಡಬೇಕಾದ ವಿಷಯಗಳು ಅಂಗಡಿಯವರು ಹೇಳುವವಲ್ಲ.

ಮೊದಲು ಈ ಸಾವಿರ ವ್ಯಾಟ್ ವಿಚಾರ ಮುಗಿಸೋಣ. ಡಬ್ಬಿಯ ಮೇಲೆ ಪಿಎಂಪಿಒ ಎಂದಿದ್ದರೆ ಆ ಸಂಖ್ಯೆಯನ್ನು ಓದಲೇಬೇಡಿ, ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಪದ್ಧತಿಯೇ ಇಲ್ಲ. ಒಳ್ಳೆಯ ಕಂಪನಿಗಳ ಸಂಖ್ಯೆಯಲ್ಲೂ ಷರತ್ತು ನೋಡಬೇಕು. ಸೋನಿಯ ಎಸ್‌ಟಿಆರ್-ಡಿಎಚ್590 ಎಂಬ 5.2 ಚಾನಲ್ (ಐದು ಸ್ಪೀಕರ್‌ಗೆ, ಎರಡು ಸಬ್‌ವೂಫರ್ ಅಂದರೆ ಮಂದ್ರದ ಸ್ಪೀಕರ್‌ಗೆ ಜಾಗ ಇರುವ) ರಿಸೀವರ್‌ಗೆ ಜಾಹೀರಾತಿನಲ್ಲಿ ಚಾನಲ್ಲಿಗೆ 145 ವ್ಯಾಟ್. ಆ ಅಳತೆ 6 ಓಮ್‌ಗೆ, ಬರೀ 1 ಕಿಲೋಹರ್ಟ್ಜ್‌ನಲ್ಲಿ, ಒಂದೇ ಚಾನಲ್ ನಡೆಸಿ, 0.9 ಶೇಕಡಾ ವಿಕೃತಿ ಒಪ್ಪಿಕೊಂಡು ತೆಗೆದದ್ದು. ಅದೇ ಡಬ್ಬಿಗೆ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, ಎರಡು ಚಾನಲ್ ಒಟ್ಟಿಗೆ, 0.09 ಶೇಕಡಾ ವಿಕೃತಿಯಲ್ಲಿ ಕಂಪನಿಯೇ ಕೊಡುವ ಸಂಖ್ಯೆ 90 ವ್ಯಾಟ್. ಎರಡೂ ಸುಳ್ಳಲ್ಲ, ಆದರೆ ಹೋಲಿಸಲು ಬರುವುದು ಎರಡನೆಯದು ಮಾತ್ರ. ಆದ್ದರಿಂದ ಯಾವ ಕಂಪನಿಯದಾದರೂ "20 ಹರ್ಟ್ಜ್–20 ಕಿಲೋಹರ್ಟ್ಜ್, 2 ಚಾನಲ್, 8 ಓಮ್" ಎಂಬ ಸಾಲನ್ನು ಹುಡುಕಿ. ಈ ಲೆಕ್ಕದಲ್ಲಿ ಡೆನಾನ್ ಎವಿಆರ್-ಎಕ್ಸ್1800ಎಚ್‌ಗೆ 80 ವ್ಯಾಟ್, ಯಾಮಹಾ ಆರ್‌ಎಕ್ಸ್-ವಿ6ಎಗೆ 100; ಯಾಮಹಾ ಆರ್‌ಎಕ್ಸ್-ವಿ4ಎಗೂ 80, ಆದರೆ ಅದು 6 ಓಮ್‌ಗೆ.

ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಡಬ್ಬಿಯನ್ನು ತಿರುಗಿಸಿ ಹಿಂದಿನ ಪಟ್ಟಿ ಓದಿ. 230 ವೋಲ್ಟ್, 50 ಹರ್ಟ್ಜ್ ಪಕ್ಕದಲ್ಲಿ ಎಷ್ಟು ವ್ಯಾಟ್ ಕರೆಂಟ್ ಎಳೆಯುತ್ತದೆ ಎಂದು ಬರೆದಿರುತ್ತದೆ. ಅಲ್ಲಿ 150 ಎಂದಿದ್ದರೆ ಸತತವಾಗಿ ಸಾವಿರ ವ್ಯಾಟ್ ಹೊರಗೆ ಕೊಡುವುದು ಹೇಗೆ ಸಾಧ್ಯ? ಎತ್ತಿಯೂ ನೋಡಿ. ನಿಜವಾದ ಟ್ರಾನ್ಸ್‌ಫಾರ್ಮರ್, ನಿಜವಾದ ಹೀಟ್‌ಸಿಂಕ್ ಇರುವ ಮಧ್ಯಮ ದರ್ಜೆಯ ರಿಸೀವರ್ 8ರಿಂದ 10 ಕಿಲೋ ತೂಗುತ್ತದೆ.

ನಿಮಗೆ ಬೇಕಾದದ್ದು ಎಷ್ಟು? 87 ಡೆಸಿಬೆಲ್ ಎಂದರೆ ಸುಮಾರು ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಕೊಡುವ ಶಬ್ದ. ನೀವು ಕೂರುವ 10 ಅಡಿ ದೂರಕ್ಕೆ ಅದು ನಿಮ್ಮಂಥ ಕೋಣೆಯಲ್ಲಿ 6–7 ಡೆಸಿಬೆಲ್ ಇಳಿಯುತ್ತದೆ, ಎರಡು ಸ್ಪೀಕರ್ ಇರುವುದರಿಂದ 3 ಏರುತ್ತದೆ. ಅಂದರೆ ಒಂದೊಂದೇ ವ್ಯಾಟ್‌ಗೆ ಸೋಫಾದಲ್ಲಿ 83–84 ಡೆಸಿಬೆಲ್. ರಾತ್ರಿ ಖಯಾಲ್ ಕೇಳುವುದು ಸರಾಸರಿ 70–75ರಲ್ಲಿ. ತಾನ್ ಏರಿದಾಗ, ತಬಲಾ ಬಡಿತಕ್ಕೆ ಅದು 90 ಮುಟ್ಟಿತು ಎಂದುಕೊಂಡರೂ ಬೇಕಾದದ್ದು 4–5 ವ್ಯಾಟ್. ಸಿನಿಮಾದ ಸ್ಫೋಟಕ್ಕೆ 100 ಡೆಸಿಬೆಲ್ ಬೇಕೆಂದರೆ 40 ವ್ಯಾಟ್. ಮಂದ್ರದ ಭಾರವನ್ನು ಸಬ್‌ವೂಫರ್ ತನ್ನದೇ ಆಂಪ್ಲಿಫೈಯರ್‌ನಲ್ಲಿ ಹೊತ್ತರೆ ಇನ್ನೂ ಕಡಿಮೆ. 80 ವ್ಯಾಟ್ ನಿಮ್ಮ ಹಾಲ್‌ಗೆ ಧಾರಾಳವಾಯಿತು. 80ರ ಬದಲು 100 ವ್ಯಾಟ್ ತಗೊಂಡರೆ ಸಿಗುವುದು 1 ಡೆಸಿಬೆಲ್. ಅದು ಜೋರಾಗಿದೆ ಎಂದು ಕಿವಿಗೆ ಗೊತ್ತೂ ಆಗದಷ್ಟು, ಆದರೆ ಜೇಬಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಎರಡು ರಿಸೀವರ್ ಹೋಲಿಸಿ ತೋರಿಸುವಾಗ ಒಂದು ವಿಷಯ ನೆನಪಿರಲಿ. ಒಂದೇ ಒಂದು ಡೆಸಿಬೆಲ್ ಜೋರಾಗಿರುವುದು "ಹೆಚ್ಚು ಸ್ಪಷ್ಟ" ಎಂದೇ ಕಿವಿಗೆ ಅನಿಸುತ್ತದೆ, ಜೋರಾಗಿದೆ ಎಂದು ಅನಿಸುವುದಿಲ್ಲ. ಮಾರಬೇಕಾದ ಡಬ್ಬಿಯನ್ನು ತುಸು ಏರಿಸಿ ಇಡುವುದು ಹಳೆಯ ಕೈಚಳಕ. ಮೊಬೈಲ್‌ನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡು ಹೋಗಿ. ಅದರ ಸಂಖ್ಯೆ ನಿಖರವಲ್ಲದಿದ್ದರೂ ಎರಡನ್ನೂ ಒಂದೇ ಮಟ್ಟಕ್ಕೆ ತರಲು ಸಾಕು.

ರಿಸೀವರ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ಮಂದ್ರದ ನಿರ್ವಹಣೆ ಮತ್ತು ಕೋಣೆಯ ತಿದ್ದುಪಡಿ. ಯಾಕೆಂದು ನಿಮ್ಮ ಹಾಲ್‌ನ ಅಳತೆಯಲ್ಲೇ ನೋಡೋಣ. ಎದುರುಬದುರು ಗೋಡೆಗಳ ನಡುವೆ ಕೆಲವು ಕಂಪನಗಳು ಸಿಕ್ಕಿಕೊಂಡು ಊದಿಕೊಳ್ಳುತ್ತವೆ. 14 ಅಡಿ ಉದ್ದಕ್ಕೆ ಅದು 40 ಹರ್ಟ್ಜ್, 11 ಅಡಿ ಅಗಲಕ್ಕೆ 51, 10 ಅಡಿ ಎತ್ತರಕ್ಕೆ 56. ಉದ್ದ ಮತ್ತು ಎತ್ತರ ಎರಡೂ ಕೂಡಿ ಹುಟ್ಟುವುದು 69. ಈಗ ಗಾಯಕರ ಕಡೆ ಬನ್ನಿ. ಗಂಡು ದನಿ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಿದ್ದರೆ ಅವರ ಷಡ್ಜ 138 ಹರ್ಟ್ಜ್‌ನ ಆಸುಪಾಸು, ತಂಬೂರಿಯ ಖರ್ಜದ (ಅತಿ ಕೆಳಗಿನ ಸ್ವರದ) ತಂತಿ ಅದರ ಅರ್ಧ, ಅಂದರೆ 69. ನಿಮ್ಮ ಕೋಣೆ ಯಾವುದನ್ನು ಊದಿಸುತ್ತದೋ ಸರಿಯಾಗಿ ಅದೇ ತಂತಿ! ಗೋಡೆಗೆ ಹಚ್ಚಿದ ಸೋಫಾದಲ್ಲಿ ಇದು ಇನ್ನೂ ಹೆಚ್ಚು, ಯಾಕೆಂದರೆ ಈ ಊತ ಗೋಡೆ ಮತ್ತು ಮೂಲೆಗಳಲ್ಲೇ ಅತಿ ಹೆಚ್ಚು. ಯಾವ ಲಕ್ಷ ರೂಪಾಯಿಯ ಆಂಪ್ಲಿಫೈಯರ್ ತಂದರೂ ಖರ್ಜ ಗುಂಯ್ಯೆಂದು ಮಿಕ್ಕ ಮೂರು ತಂತಿಗಳ ಮೇಲೆ ಹರಡಿಕೊಳ್ಳುತ್ತದೆ. ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ರಿಸೀವರ್‌ನ ತಿದ್ದುಪಡಿ ಬೇಕು.

ಈ ತಿದ್ದುಪಡಿಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಡೆನಾನ್‌ನಲ್ಲಿ ಆಡಿಸಿ, ಯಾಮಹಾದಲ್ಲಿ ವೈಪಿಎಒ, ಸೋನಿಯಲ್ಲಿ ಡಿಸಿಎಸಿ, ಓಂಕ್ಯೋದ ಮೇಲ್ದರ್ಜೆಯ ಕೆಲವು ಮಾದರಿಗಳಲ್ಲಿ ಡಿರಾಕ್. ಎಲ್ಲವೂ ಒಂದು ಮೈಕ್ ಇಟ್ಟು, ಸ್ಪೀಕರ್‌ನಿಂದ ಸದ್ದು ಹೊರಡಿಸಿ, ಕೋಣೆ ಎಲ್ಲಿ ಊದಿಸುತ್ತದೆ ಎಂದು ಅಳೆದು ಅಲ್ಲಿ ತಗ್ಗಿಸುತ್ತವೆ. ಮಂದ್ರದಲ್ಲಿ ಇದು ಒಳ್ಳೆಯ ಕೆಲಸ. ಆದರೆ ಮಧ್ಯ ಮತ್ತು ತಾರದಲ್ಲೂ ಕೈಯಾಡಿಸುವಾಗ ಸಹಜ ದನಿ ಕೆಡುವುದು ಉಂಟು. ಆಡಿಸಿಯಲ್ಲಿ 2 ಕಿಲೋಹರ್ಟ್ಜ್ ಸುತ್ತ ಬೇಕೆಂದೇ ಇಟ್ಟ ಒಂದು ಸಣ್ಣ ತಗ್ಗು ಇದೆ. ಮನುಷ್ಯರ ದನಿ ಮುಂದೆ ಬರುವುದು, ವ್ಯಂಜನಗಳು ಬಿಡಿಸಿ ಕೇಳಿಸುವುದು ಆ ಜಾಗದಿಂದಲೇ. ಕೆಲವು ಸ್ಪೀಕರ್‌ಗೆ ಆ ತಗ್ಗು ಹಿತ, ಕೆಲವಕ್ಕೆ ಗಾಯಕರು ಪರದೆಯ ಹಿಂದೆ ಸರಿದಂತೆ ಆಗುತ್ತದೆ. ಹಣ ಕೊಟ್ಟು ಹಾಕಿಕೊಳ್ಳುವ ಮಲ್ಟಿಇಕ್ಯೂ ಎಡಿಟರ್ ಆ್ಯಪ್‌ನಲ್ಲಿ ಆ ತಗ್ಗನ್ನು ತೆಗೆಯಬಹುದು, ತಿದ್ದುಪಡಿಯನ್ನು 400–500 ಹರ್ಟ್ಜ್‌ಗಿಂತ ಕೆಳಗೆ ಮಾತ್ರ ನಿಲ್ಲಿಸಬಹುದು. ಗಾಯನ ಕೇಳುವವರಿಗೆ ಈ ಸೌಲಭ್ಯ 20 ವ್ಯಾಟ್‌ಗಿಂತ ಎಷ್ಟೋ ದೊಡ್ಡದು. ಯಾಮಹಾದ ವೈಪಿಎಒದಲ್ಲಿ ಫ್ಲಾಟ್, ಫ್ರಂಟ್, ನ್ಯಾಚುರಲ್ ಎಂದು ಮೂರು ಬಗೆ ಸಿಗುತ್ತವೆ. ಮುಂದಿನ ಸ್ಪೀಕರ್‌ಗಳ ಗುಣ ನಿಮಗೆ ಹಿಡಿಸಿದ್ದರೆ ಫ್ರಂಟ್ ಆಯ್ಕೆ ಮಾಡಿ, ಅದು ಮಿಕ್ಕವನ್ನು ಮುಂದಿನ ಜೋಡಿಗೆ ಹೊಂದಿಸುತ್ತದೆ. ಫ್ಲಾಟ್ ಹಾಕಿದಾಗ ಟೈಲ್ಸ್ ನೆಲದ ಕೋಣೆಯಲ್ಲಿ 'ಸ', 'ಶ' ಚುಚ್ಚತೊಡಗಿದರೆ ನ್ಯಾಚುರಲ್‌ಗೆ ಹೋಗಿ. ಅದು ತಾರವನ್ನು ತುಸು ಇಳಿಸುತ್ತದೆ.

ಎಲ್ಲವನ್ನೂ ಬಂದ್ ಮಾಡಿ ಕೇಳುವ ಗುಂಡಿಯೂ ಇರಬೇಕು. ಪ್ಯೂರ್ ಡೈರೆಕ್ಟ್, ಡೈರೆಕ್ಟ್ ಎಂದೆಲ್ಲ ಕರೆಯುತ್ತಾರೆ. ಆದರೆ ಇದನ್ನೇ ಶುದ್ಧ ದನಿ ಎಂದು ಪೂಜಿಸಬೇಡಿ. ಪ್ಯೂರ್ ಡೈರೆಕ್ಟ್ ಹಾಕಿದರೆ ಕೋಣೆಯ ತಿದ್ದುಪಡಿಯೂ ಹೋಗುತ್ತದೆ, ಖರ್ಜ ಮತ್ತೆ ಗುಂಯ್ಯೆನ್ನುತ್ತದೆ. ಹೋಲಿಸಿ ನೋಡಲು ಅದು ಉಪಯೋಗಿ, ದಿನನಿತ್ಯಕ್ಕೆ ಸ್ಟೀರಿಯೋ ಮೋಡ್ ಸಾಕು. ಹಾಲ್, ಚರ್ಚ್, ಸ್ಟೇಡಿಯಂ ಎಂಬ ಹೆಸರಿನ ಮೋಡ್‌ಗಳನ್ನು ಗಾಯನಕ್ಕೆ ಮುಟ್ಟಬೇಡಿ. ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳು ಮೋನೋ. ಮಲ್ಲಿಕಾರ್ಜುನ ಮನ್ಸೂರರ ದನಿಯನ್ನೋ ನಿಮ್ಮ ನೆರೆಯ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ದನಿಯನ್ನೋ ಐದು ಸ್ಪೀಕರ್‌ಗೆ ಹಂಚಿದರೆ ಅದು ಎಲ್ಲಿಯೂ ನಿಲ್ಲದೆ ಅಲೆಯುತ್ತದೆ. ಎರಡೇ ಸ್ಪೀಕರ್‌ನಲ್ಲಿ ಕೇಳಿ, ದನಿ ಸರಿಯಾಗಿ ನಡುವೆ ಬಂದು ಕೂರುತ್ತದೆ.

ಇನ್ನು ನಿಮ್ಮ ಆಯ್ಕೆ. ಛಾವಣಿಗೆ ಸ್ಪೀಕರ್ ಹಾಕುವ ವಿಚಾರ ಮುಂದೆಯೂ ಇಲ್ಲವೆಂದಾದರೆ ಯಾಮಹಾ ಆರ್‌ಎಕ್ಸ್-ವಿ4ಎ ಸಾಕು; 5.2 ಚಾನಲ್, ಡಾಲ್ಬಿ ಅಟ್ಮಾಸ್ (ಮೇಲಿನಿಂದಲೂ ದನಿ ಬರುವ ಪದ್ಧತಿ) ಇಲ್ಲ. ಅಟ್ಮಾಸ್ ಬೇಕು, ಆ್ಯಪ್‌ನಲ್ಲಿ ತಿದ್ದುಪಡಿಗೆ ಗಡಿ ಹಾಕಬೇಕು ಎಂದರೆ 7.2 ಚಾನಲ್‌ನ ಡೆನಾನ್ ಎಕ್ಸ್1800ಎಚ್. ದರ ನಿಮ್ಮ ಮಿತಿಯನ್ನು ದಾಟಿದರೆ ಅದೇ ಸಾಲಿನ ಹಿಂದಿನ ವರ್ಷದ ಮಾದರಿ ಕೇಳಿ. ಆಂಪ್ಲಿಫೈಯರ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಸೋನಿ ಡಿಎಚ್590 ಇನ್ನೂ ಅಗ್ಗ, ಆದರೆ ವೈ-ಫೈ ಇಲ್ಲ, ಮೊಬೈಲಿನ ಸಂಗೀತಕ್ಕೆ ಬ್ಲೂಟೂತ್ ಗತಿ. ನಿಮ್ಮ ಕೇಳ್ಮೆಗೆ ನಮ್ಮ ಮೊದಲ ಆಯ್ಕೆ ಡೆನಾನ್, ಎರಡನೆಯದು ವಿ4ಎ. ವಿ4ಎ ತಗೊಂಡು ಉಳಿದ ಹಣವನ್ನು ಸಬ್‌ವೂಫರ್‌ಗೆ ಸೇರಿಸಿದರೆ ಅದೂ ಜಾಣತನವೇ. 60 ಸಾವಿರ ಪೂರ್ತಿ ರಿಸೀವರ್‌ಗೆ ಸುರಿದು, ತಮ್ಮ ಕೊಟ್ಟ ಜೋಡಿಗೆ ಹೊಂದದ ಯಾವುದೋ ಅಗ್ಗದ ಸೆಂಟರ್ ಸ್ಪೀಕರ್ (ನಡುವೆ ಇಟ್ಟು ಸಿನಿಮಾದ ಮಾತು ನುಡಿಸುವುದು) ತರುವುದು ಮಾತ್ರ ಬೇಡ. ಸೆಂಟರ್ ಅದೇ ಕಂಪನಿಯ, ಅದೇ ಸಾಲಿನದಾಗಿರಬೇಕು. ಸಿಗದಿದ್ದರೆ ಸೆಂಟರ್ ಇಲ್ಲದೆಯೇ ಇರಿ. ರಿಸೀವರ್‌ಗೆ 'ಸೆಂಟರ್ ಇಲ್ಲ' ಎಂದು ತಿಳಿಸಿದರೆ ಮಾತನ್ನು ಎಡಬಲಕ್ಕೆ ಸಮವಾಗಿ ಹಂಚುತ್ತದೆ, ನಡುವೆ ಕೂತವರಿಗೆ ಟಿವಿಯಿಂದಲೇ ಬಂದಂತೆ ಕೇಳಿಸುತ್ತದೆ.

ಸ್ಪೀಕರ್ 6 ಓಮ್ ಇರುವುದರಿಂದ ಈ ಯಾವ ರಿಸೀವರ್‌ಗೂ ತೊಂದರೆ ಇಲ್ಲ. ಕೆಲವು ಡಬ್ಬಿಗಳಲ್ಲಿ ಓಮ್ ಬದಲಿಸುವ ಸೆಟ್ಟಿಂಗ್ ಇರುತ್ತದೆ. ಅದನ್ನು ಕಡಿಮೆ ಓಮ್‌ಗೆ ತಿರುಗಿಸಿದರೆ ಸ್ಪೀಕರ್‌ಗೆ ಸಿಗುವ ವೋಲ್ಟೇಜ್ ಮೊಟಕಾಗುತ್ತದೆ, ದನಿ ಸುಧಾರಿಸುವುದಿಲ್ಲ. ಕೈಪಿಡಿ ನಿಮ್ಮ ಓಮ್‌ಗೆ ಹಾಗೆ ಮಾಡಲು ಹೇಳದಿದ್ದರೆ ಬಂದ ಹಾಗೆಯೇ ಬಿಡಿ.

ವೈರ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 1.5 ಚದರ ಮಿಲಿಮೀಟರ್‌ನ, ಎಳೆ ಎಳೆಯಾದ ತಾಮ್ರದ ವೈರ್ 10 ಮೀಟರ್ ಎಳೆದರೆ ಹೋಗಿ ಬರುವ ದಾರಿಗೆ ಸುಮಾರು 0.24 ಓಮ್ ಆಗುತ್ತದೆ. ಸ್ಪೀಕರ್‌ನ ಓಮ್‌ನ ಶೇಕಡಾ 5 ಮೀರಬಾರದು ಎಂಬುದು ರೂಢಿಯ ಲೆಕ್ಕ, ನಿಮಗೆ 0.3 ಓಮ್‌ವರೆಗೆ ಅವಕಾಶ ಇದೆ. ಹಿಂದಿನ ಸ್ಪೀಕರ್‌ಗೆ ಅದಕ್ಕಿಂತ ದೂರ ಆದರೆ 2.5 ಹಾಕಿ. ಮೋಸ ಇರುವುದು ಬೇರೆ ಕಡೆ: ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಾಕಿ ತಾಮ್ರವೆಂದೇ ಮಾರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಡಿ. ಕೆಂಪು ತುದಿ ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್‌ಗೆ ಅದಲುಬದಲಾದರೆ ಮಂದ್ರ ತೆಳುವಾಗಿ, ದನಿ ನಡುವೆ ನಿಲ್ಲದೆ ಎರಡೂ ಕಡೆ ಚದುರುತ್ತದೆ. "ರಿಸೀವರ್ ಸರಿಯಿಲ್ಲ" ಎಂಬ ಎಷ್ಟೋ ದೂರುಗಳ ಮೂಲ ಇಷ್ಟೇ.

ಜೋಡಣೆಯಲ್ಲಿ ಹೆಚ್ಚು ಫಲ ಕೊಡುವುದು ಸ್ಪೀಕರ್ ಇಡುವ ಜಾಗ. ನಮ್ಮ ಕಡೆಯ ಮನೆಗಳಲ್ಲಿ ಟಿವಿಯ ಅಕ್ಕಪಕ್ಕ ಶೋಕೇಸ್ ಕಟ್ಟಿಸಿರುತ್ತಾರೆ, ಸ್ಪೀಕರ್ ಅದರ ಗೂಡಿನೊಳಗೆ ಹೋಗಿ ಕೂರುತ್ತದೆ. ಕೊಡದೊಳಗೆ ಮುಖವಿಟ್ಟು ಮಾತಾಡಿದಂತೆ ಗಂಡು ದನಿ ದೊಪ್ಪಗಾಗುವುದು ಆಗಲೇ. ಗೂಡಿನಿಂದ ಹೊರತೆಗೆದು ಸ್ಟ್ಯಾಂಡ್ ಮೇಲಿಡಿ, ಟ್ವೀಟರ್ (ತಾರ ನುಡಿಸುವ ಚಿಕ್ಕ ಭಾಗ) ಕೂತವರ ಕಿವಿಯ ಎತ್ತರಕ್ಕೆ ಬರಲಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಮೂಲೆಯಿಂದ ಎರಡು ಅಡಿಯಾದರೂ ದೂರವಿರಲಿ. ಎರಡು ಸ್ಪೀಕರ್ ನಡುವೆ 7–8 ಅಡಿ ಬಿಟ್ಟು, ಎರಡೂ ನಿಮ್ಮತ್ತ ತುಸು ಮುಖ ಮಾಡಿದಂತಿರಲಿ. ಬೇರೆ ದಾರಿಯಿಲ್ಲದೆ ಗೂಡಿನಲ್ಲೇ ಇಡಬೇಕಾದರೆ ಸ್ಪೀಕರ್‌ನ ಮುಖ ಹಲಗೆಯ ಅಂಚಿಗೆ ಬರುವಷ್ಟು ಮುಂದೆ ತಂದು ಸುತ್ತಲಿನ ಖಾಲಿ ಜಾಗಕ್ಕೆ ಹತ್ತಿಯ ಬಟ್ಟೆ ತುಂಬಿ.

ಆಮೇಲೆ ಪ್ರತಿಧ್ವನಿ. ಹಾಲ್ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಝಣ್ಣೆಂದು ಲೋಹದಂಥ ಬಾಲ ಕೇಳಿಸಿದರೆ ಎದುರುಬದುರು ಬರಿ ಗೋಡೆಗಳ ಆಟ ಅದು. ಸಿಮೆಂಟು ಗಿಲಾವು, ಟೈಲ್ಸ್, ಆರ್‌ಸಿಸಿ ಮಾತ್ರ ಇರುವ ನಿಮ್ಮ ಅಳತೆಯ ಖಾಲಿ ಕೋಣೆಯಲ್ಲಿ ಶಬ್ದ ಅಡಗಲು ಲೆಕ್ಕದ ಪ್ರಕಾರ 3 ಸೆಕೆಂಡ್ ಬೇಕು. ಮನೆಯ ಹಾಲ್‌ಗೆ ಅರ್ಧ ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಸೋಫಾ, ದಪ್ಪ ಪರದೆ, ನೆಲಕ್ಕೆ ಜಮಖಾನೆ ಸೇರಿದರೆ ಅದು ಒಂದು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ. ನವಲಗುಂದದ ಜಮಖಾನೆ ಒಂದನ್ನು ಸ್ಪೀಕರ್ ಮತ್ತು ಸೋಫಾ ನಡುವಿನ ನೆಲಕ್ಕೆ ಹಾಸಿ, ಕೆಳಗೆ ಹಳೆಯ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ಪಕ್ಕದ ಗೋಡೆಗೆ ದಪ್ಪ ಕೌದಿ ತೂಗುಹಾಕಿ, ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು. ಎಲ್ಲಿ ಎಂಬುದಕ್ಕೆ ಒಂದು ಉಪಾಯ ಇದೆ: ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತಾ ಹೋಗಲಿ, ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಕೌದಿಯ ಜಾಗ. ಬಟ್ಟೆ ತಾರದ ಚುಚ್ಚುವಿಕೆಯನ್ನು ಹೀರುತ್ತದೆ, ಮಂದ್ರವನ್ನು ಮುಟ್ಟುವುದಿಲ್ಲ. ನಾಲ್ಕೂ ಗೋಡೆ ಮುಚ್ಚಿದರೆ ತಾರ ಸತ್ತು ಮಂದ್ರ ಮಾತ್ರ ಉಳಿಯುತ್ತದೆ. ಇನ್ನೂ ಬೇಕೆನಿಸಿದರೆ 50 ಮಿಲಿಮೀಟರ್ ದಪ್ಪದ ರಾಕ್‌ವೂಲ್ ಹಲಗೆಗೆ ಬಟ್ಟೆ ಸುತ್ತಿ, 2 ಅಡಿಗೆ 4 ಅಡಿಯ ನಾಲ್ಕು ಫ್ರೇಮ್ ಮಾಡಿಸಿ. ಬಡಗಿಗೆ ಒಂದು ದಿನದ ಕೆಲಸ.

ಸಬ್‌ವೂಫರ್ 8 ಅಥವಾ 10 ಇಂಚಿನದು ಈ ಹಾಲ್‌ಗೆ ಸಾಕು. ಅದನ್ನು ಮೂಲೆಗೆ ತಳ್ಳಿ ಕೈ ತೊಳೆದುಕೊಳ್ಳಬೇಡಿ. ಸಬ್‌ವೂಫರ್ ಅನ್ನೇ ಸೋಫಾ ಮೇಲೆ, ನೀವು ಕೂರುವ ಜಾಗದಲ್ಲಿ ಇಟ್ಟು ಮಂದ್ರ ಇರುವ ಏನನ್ನಾದರೂ ನುಡಿಸಿ. ನೀವು ಮೊಣಕಾಲೂರಿ, ಮುಂದಿನ ಗೋಡೆಗುಂಟ ನೆಲದ ಹತ್ತಿರ ಕಿವಿಯಿಟ್ಟು ಸಾಗಿ. ಎಲ್ಲಿ ಮಂದ್ರ ಊದದೆ, ಮಾಯವೂ ಆಗದೆ, ಒಂದೊಂದು ಸ್ವರವೂ ಬೇರೆಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಅದರ ಹಿಂದಿರುವ ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಮಂದ್ರ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) ತಿರುಗಣೆಯನ್ನು ಮೇಲಿನ ಕೊನೆಗೆ ಅಥವಾ ಎಲ್‌ಎಫ್‌ಇಗೆ ತಿರುಗಿಸಿ, ಆ ಕೆಲಸ ರಿಸೀವರ್ ಮಾಡಲಿ.

ಮೈಕ್ ಅಳತೆ ಹಾಕುವಾಗ ಫ್ಯಾನ್, ಕೂಲರ್ ಬಂದ್ ಮಾಡಿ, ಬೀದಿಯ ಸದ್ದು ಅಡಗಿದ ಹೊತ್ತು ನೋಡಿ. ಮೈಕ್ ಅನ್ನು ಕೈಯಲ್ಲಿ ಹಿಡಿಯಬಾರದು, ಸೋಫಾದ ಬೆನ್ನಿನ ಮೇಲೂ ಇಡಬಾರದು. ಕ್ಯಾಮೆರಾದ ಟ್ರೈಪಾಡ್‌ನಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಮೊದಲ ಅಳತೆ ನೀವು ಕೂರುವ ನಟ್ಟನಡುವೆ, ಮಿಕ್ಕವು ಅದರ ಸುತ್ತ ಎರಡು ಅಡಿಯೊಳಗೆ. ಎಕ್ಸ್1800ಎಚ್ 8 ಜಾಗ ಕೇಳುತ್ತದೆ, ಎಂಟನ್ನೂ ಮುಗಿಸಿ. ಅಳತೆ ಆದ ಮೇಲೆ ಮೂರು ಸಂಗತಿ ತೆರೆದು ನೋಡಬೇಕು. ಸ್ಪೀಕರ್ 'ಲಾರ್ಜ್' ಎಂದು ಬಂದಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಡಿ. ರಿಸೀವರ್ ತಾನೇ 80ಕ್ಕಿಂತ ಮೇಲೆ, 90 ಅಥವಾ 100 ಎಂದಿದ್ದರೆ ಅದನ್ನು ಇಳಿಸಬೇಡಿ. ಸಬ್‌ವೂಫರ್‌ನ ಮಟ್ಟ ಮೈನಸ್ 12ಕ್ಕೆ ಹೋಗಿ ನಿಂತಿದ್ದರೆ ಸಬ್‌ವೂಫರ್‌ನ ವಾಲ್ಯೂಮ್ ತೀರಾ ಜಾಸ್ತಿಯಿದೆ ಎಂದರ್ಥ, ಅದನ್ನು ಇಳಿಸಿ ಮತ್ತೆ ಅಳೆಯಿರಿ. ಸಬ್‌ವೂಫರ್ ದೂರ ಟೇಪ್ ಹಿಡಿದು ಅಳೆದದ್ದಕ್ಕಿಂತ ನಾಲ್ಕಾರು ಅಡಿ ಹೆಚ್ಚು ತೋರಿಸಬಹುದು. ಅದು ತಪ್ಪಲ್ಲ, ಸಬ್‌ವೂಫರ್ ಒಳಗಿನ ವಿಳಂಬವನ್ನು ದೂರವಾಗಿ ಲೆಕ್ಕ ಹಾಕಿದೆ. ಅದನ್ನು "ಸರಿಪಡಿಸಿದರೆ" ಕೆಡುತ್ತದೆ.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಡಗ್ಗಾ ಕೇಳಿ. ವಿಲಂಬಿತದಲ್ಲಿ ತಬಲಾದವರು ಅಂಗೈ ಒತ್ತಿ ಡಗ್ಗಾದ ಸ್ವರವನ್ನು ಜಾರಿಸುತ್ತಾರಲ್ಲ, ಆ ಜಾರು ಸಬ್‌ವೂಫರ್‌ನಿಂದ ಸ್ಪೀಕರ್‌ಗೆ ದಾಟುವ ಗಡಿಯನ್ನೇ ಸವರಿಕೊಂಡು ಹೋಗುತ್ತದೆ. ಒಂದೇ ಕೈ, ಒಂದೇ ಜಾಗದಿಂದ ಬಂದಂತೆ ಕೇಳಿದರೆ ಜೋಡಣೆ ಸರಿ. ನಡುವೆ ಒಂದು ಕಡೆ ಉಬ್ಬಿ, ಮುಂದೆ ಪುಸಕ್ಕನೆ ಕಾಣೆಯಾದರೆ ಸಬ್‌ವೂಫರ್‌ನ ಫೇಸ್ ಸ್ವಿಚ್ 0ಯಿಂದ 180ಕ್ಕೆ ತಿರುಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಸಬ್‌ವೂಫರ್ ಅನ್ನು ಒಂದು ಅಡಿ ಆಚೀಚೆ ಸರಿಸಿ.

ರಾತ್ರಿ ಮೆಲ್ಲಗೆ ಕೇಳುವಾಗ ಡೆನಾನ್‌ನ ಡೈನಾಮಿಕ್ ಇಕ್ಯೂ ಮಂದ್ರವನ್ನು ಏರಿಸುತ್ತದೆ. ಸಿನಿಮಾಕ್ಕೆ ಅದು ಸರಿ. ಸಂಗೀತಕ್ಕೆ ಅದರ ರೆಫರೆನ್ಸ್ ಆಫ್‌ಸೆಟ್ ಅನ್ನು 10 ಅಥವಾ 15ಕ್ಕೆ ಇಡಿ, ಇಲ್ಲವೇ ತೆಗೆದುಬಿಡಿ. ಡೈನಾಮಿಕ್ ವಾಲ್ಯೂಮ್ ಎಂಬುದು ಬೇರೆ. ಅದು ಪಿಸುಮಾತನ್ನೂ ಕೂಗನ್ನೂ ಒಂದೇ ಎತ್ತರಕ್ಕೆ ತರುತ್ತದೆ, ಆಲಾಪಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಟಿವಿಯಿಂದ ರಿಸೀವರ್‌ಗೆ ಇಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಕಿಂಡಿಯಿಂದಲೇ ಕೇಬಲ್ ಎಳೆದು, ಟಿವಿಯ ಆಡಿಯೋ ಔಟ್‌ಪುಟ್ ಅನ್ನು ಪಾಸ್‌ತ್ರೂ ಮಾಡಿ.

ವಿಜಯಪುರದ ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ರಿಸೀವರ್‌ನ ಜಾಗವನ್ನೂ ಯೋಚಿಸಿ. ಸುಮ್ಮನೆ ಚಾಲೂ ಇದ್ದರೂ ಅದು ಬಿಸಿಯಾಗುವ ಜಾತಿ. ಮೇಲೆ ಒಂದು ಗೇಣು, ಪಕ್ಕಗಳಿಗೆ ನಾಲ್ಕು ಬೆರಳು ಖಾಲಿ ಬಿಡಿ. ಸೆಟ್‌ಟಾಪ್ ಬಾಕ್ಸ್ ಅದರ ತಲೆಯ ಮೇಲೆ ಹೇರಬೇಡಿ. ಧೂಳು ಕೂರಬಾರದೆಂದು ಕಸೂತಿ ಬಟ್ಟೆ ಹೊದಿಸುವವರಿದ್ದಾರೆ. ಕೇಳುವ ಹೊತ್ತಿಗೆ ಅದನ್ನು ತೆಗೆಯಲೇಬೇಕು. ನಡುವೆ ತಾನಾಗಿ ಬಂದ್ ಆಗಿ ಕೆಂಪು ದೀಪ ಮಿನುಗಿದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ. ಪ್ಲಗ್ ಕಿತ್ತು, ಎಲ್ಲ ಸ್ಪೀಕರ್ ವೈರ್ ಬಿಚ್ಚಿ, ತಣ್ಣಗಾದ ಮೇಲೆ ಹಚ್ಚಿ. ಈಗ ತಾನಾಗಿ ಬಂದ್ ಆಗದೆ ನಡೆದರೆ, ನೀವೇ ಬಂದ್ ಮಾಡಿ ಒಂದೊಂದೇ ವೈರ್ ಜೋಡಿಸುತ್ತಾ ಬನ್ನಿ. ಟರ್ಮಿನಲ್ ಹತ್ತಿರ ತಾಮ್ರದ ಒಂದು ಎಳೆ ಪಕ್ಕದ್ದಕ್ಕೆ ತಗುಲಿರುವುದು ಸಾಮಾನ್ಯ ಕಾರಣ, ಬನಾನಾ ಪ್ಲಗ್ ಹಾಕಿದರೆ ಆ ಕಾಟವೇ ಇರುವುದಿಲ್ಲ.

ಕೊಳ್ಳಲು ಬೆಳಗಾವಿಗೋ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋದರೂ, ರಿಪೇರಿಗೆ ಎಲ್ಲಿ ಕಳಿಸಬೇಕು, ಸಾಗಣೆಯ ಖರ್ಚು ಯಾರದು ಎಂದು ಮೊದಲು ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಅಮೆರಿಕದಿಂದ ಯಾರೋ ತಂದ ಅಗ್ಗದ ಡಬ್ಬಿಯ ಹಿಂದೆ 120 ವೋಲ್ಟ್ ಎಂದಿರುತ್ತದೆ. ಅದನ್ನು ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಅವತ್ತೇ ಮುಗಿಯಿತು. ಸೆಕೆಂಡ್ ಹ್ಯಾಂಡ್ ಆದರೆ 2020ರಲ್ಲಿ ಬಂದ ಮಾದರಿಗಳ ಬಗ್ಗೆ ಎಚ್ಚರ: ಆ ವರ್ಷದ ಹಲವು ಕಂಪನಿಗಳ ರಿಸೀವರ್‌ಗಳಲ್ಲಿ 4ಕೆ 120 ಹರ್ಟ್ಜ್ ಚಿತ್ರವನ್ನು ಕೆಲವು ಗೇಮ್ ಯಂತ್ರಗಳಿಂದ ಸರಿಯಾಗಿ ದಾಟಿಸದ ಎಚ್‌ಡಿಎಂಐ ಚಿಪ್ ಇತ್ತು. ಮನೆಯಲ್ಲಿ ಗೇಮ್ ಆಡುವ ಮಕ್ಕಳಿಲ್ಲದಿದ್ದರೆ ಅದು ನಿಮಗೆ ಲೆಕ್ಕಕ್ಕಿಲ್ಲ, ಚೌಕಾಸಿಗೆ ಮಾತ್ರ ಬರುತ್ತದೆ.

ಕೊನೆಗೆ ಇನ್ವರ್ಟರ್. ಸೈನ್‌ವೇವ್ ಎಂದು ಬರೆದದ್ದಾದರೆ ನಡೆಸಬಹುದು, ರಾತ್ರಿಯ ಮಟ್ಟದಲ್ಲಿ ರಿಸೀವರ್ ಎಳೆಯುವುದು ಹೆಚ್ಚೇನಲ್ಲ. ಹಳೆಯ ಸ್ಕ್ವೇರ್‌ವೇವ್ ಆದರೆ ಬೇಡ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿ ಹೆಚ್ಚುತ್ತದೆ. ಕರೆಂಟ್ ಇದ್ದಾಗಲೂ ಗುಂಯ್ ಎಂಬ ಸದ್ದು ಸ್ಪೀಕರ್‌ನಿಂದಲೇ ಬರುತ್ತಿದ್ದರೆ ಸೆಟ್‌ಟಾಪ್ ಬಾಕ್ಸ್‌ನ ಡಿಶ್ ಅಥವಾ ಕೇಬಲ್ ವೈರ್ ಬಿಚ್ಚಿ ನೋಡಿ. ಸದ್ದು ನಿಂತರೆ ದೋಷ ರಿಸೀವರ್‌ನದಲ್ಲ, ಎರಡು ಕಡೆ ಅರ್ಥಿಂಗ್ ಆಗಿರುವುದರದ್ದು. ಕೇಬಲ್‌ನವರಿಗೆ ಹೇಳಿ ಐಸೊಲೇಟರ್ ಹಾಕಿಸಿ. ನಿಮ್ಮ ಬಡಾವಣೆಯಲ್ಲಿ ಹೆಸ್ಕಾಂ ವೋಲ್ಟೇಜ್ ಬಹಳ ಏರಿಳಿದರೆ 1 ಕೆವಿಎ ಸ್ಟೆಬಿಲೈಸರ್ ಸಾಕು. ಆದರೆ ಮುಂಗಾರಿನ ಮುಂಚಿನ ಗುಡುಗು ಮಿಂಚಿಗೆ ಸ್ಟೆಬಿಲೈಸರ್ ಅಡ್ಡ ಬರುವುದಿಲ್ಲ. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ, ಜೊತೆಗೆ ಡಿಶ್ ವೈರ್ ಮತ್ತು ಇಂಟರ್ನೆಟ್‌ನ ಲ್ಯಾನ್ ವೈರ್ ಕೂಡ. ಮಿಂಚಿನ ಏಟು ಈ ಎರಡು ವೈರ್‌ಗಳಿಂದಲೂ ಒಳಗೆ ಬರುತ್ತದೆ, ಬಂದು ಸುಡುವುದು ಎಚ್‌ಡಿಎಂಐ ಬೋರ್ಡನ್ನು. ಇಡೀ ರಿಸೀವರ್‌ನಲ್ಲಿ ರಿಪೇರಿಗೆ ಅತಿ ದುಬಾರಿ ಭಾಗಗಳಲ್ಲಿ ಅದೂ ಒಂದು.